ಮೀನಿಗೆ ಅದು ಎಲ್ಲಿಂದ ಬಂತು?

ಎದೆಹಾಲು ಬಿಡಿಸಿ ಡಬ್ಬದ ಹಾಲು ಕೊಡಲೇ ಎಂದು ಕೇಳಿಕೊಂಡು ಬರುವ ಸಸ್ಯಾಹಾರಿ ಬಾಣಂತಿಯರನ್ನು ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಅದಕ್ಕಾಗಿಯೇ ಈ ಪ್ರಕರಣವನ್ನು ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ.

ಆಕೆ ವಿಜಯಪುರದ ಕಡೆಯವಳು. ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಎರಡು ತಿಂಗಳ ಮಗುವಿನ ತೂಕ ಚೆನ್ನಾಗಿಯೇ ಏರುತ್ತಿತ್ತು. ಹಾಲಿನ ಪುಡಿಯ ಡಬ್ಬದ ಮೇಲೆ ಡಿಎಚ್‌ಎ ಎಂಬ ಹೆಸರು ಕಂಡು, ಅದೇನೆಂದು ಮೊಬೈಲಿನಲ್ಲಿ ಹುಡುಕಿದಂದಿನಿಂದ ಆಕೆಗೆ ನಿದ್ದೆಯಿಲ್ಲ. "ನನ್ನ ಹಾಲಿನಲ್ಲಿ ಅದಿಲ್ಲ ಮೇಡಂ. ಹೆತ್ತ ಮಗುವಿಗೆ ನಾನೇ ಮೋಸ ಮಾಡುತ್ತಿದ್ದೇನೆ" ಎಂದು ಅತ್ತಳು.

ಆಕೆ ಓದಿದ್ದು ಅರ್ಧ ನಿಜ. ಮಿದುಳು ಮತ್ತು ಅಕ್ಷಿಪಟಲದ ಬೆಳವಣಿಗೆಗೆ ಬೇಕಾದ ಈ ಒಮೆಗಾ-3 ಕೊಬ್ಬು, ಮೀನು ತಿನ್ನುವವರಿಗಿಂತ ಸಸ್ಯಾಹಾರಿಗಳ ರಕ್ತದಲ್ಲೂ ಎದೆಹಾಲಿನಲ್ಲೂ ಕಡಿಮೆ. ಆದರೆ ಕಡಿಮೆ ಇದೆಯೇ ಹೊರತು ಇಲ್ಲದೆ ಇಲ್ಲ. ಎದೆಹಾಲು ಬಿಡಿಸಲು ಅದು ಕಾರಣವೇ ಅಲ್ಲ. ಇದನ್ನು ಎಷ್ಟು ಹೇಳಿದರೂ ಮೊದಲ ದಿನ ಆಕೆಯ ಮನಸ್ಸಿಗೆ ಇಳಿಯಲಿಲ್ಲ.

ಎರಡನೆಯ ಭೇಟಿಗೆ ಆಕೆಯ ಅವ್ವ ಜೊತೆಗೆ ಬಂದಿದ್ದರು. ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ಕೇಳುತ್ತಿದ್ದವರು, ನಾನು ಮೀನಿನ ಎಣ್ಣೆಯ ಮಾತೆತ್ತಿದೊಡನೆ ತಲೆಯೆತ್ತಿದರು. "ಮೀನಿಗಾದರೂ ಅದು ಎಲ್ಲಿಂದ ಬಂತು?"

ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. "ಪಾಚಿಯಿಂದ" ಎಂದೆ. ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಈ ಕೊಬ್ಬನ್ನು ತಯಾರಿಸುತ್ತದೆ. ಅದನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ಮೀನು ತಿನ್ನುತ್ತದೆ. ಈಗ ತೊಟ್ಟಿಯಲ್ಲಿ ಪಾಚಿ ಬೆಳೆಸಿ ನೇರವಾಗಿ ಎಣ್ಣೆ ತೆಗೆಯುತ್ತಾರೆ ಎಂದೂ ವಿವರಿಸಿದೆ.

"ಹಾಗಾದರೆ ಮೀನಿನ ಹಂಗೇಕೆ?" ಎಂದು ಮಗಳ ಕಡೆ ತಿರುಗಿದರು. ಅಷ್ಟರಲ್ಲಿ ಮಗು ಅಳತೊಡಗಿತು. ಆಕೆ ಎತ್ತಿಕೊಂಡು, ಸೆರಗು ಮರೆಮಾಡಿ, ಅಲ್ಲೇ ಹಾಲು ಕೊಟ್ಟಳು.

"ನಮ್ಮ ಅಗಸಿ ಹಿಂಡಿ ಸಾಲದೇ?" ಅವ್ವನ ಮುಂದಿನ ಪ್ರಶ್ನೆ. ಹಿಂಡಿ ಎಂದರೆ ಆ ಕಡೆಯ ಚಟ್ನಿಪುಡಿ. ಇಲ್ಲಿ ಅವರನ್ನು ಸಮಾಧಾನಪಡಿಸಲು ಸುಳ್ಳು ಹೇಳಲಾರದಾದೆ. ಅಗಸೆಯಲ್ಲಿರುವುದು ಎಎಲ್‌ಎ ಎಂಬ ಇನ್ನೊಂದು ಒಮೆಗಾ-3. ಅದು ಶರೀರಕ್ಕೆ ಬೇಕೇ ಬೇಕು, ಆದರೆ ಅದರಲ್ಲಿ ಡಿಎಚ್‌ಎ ಆಗಿ ಬದಲಾಗುವುದು ತೀರ ಅಲ್ಪ. ಅವರ ಮನೆಯ ಕುಸುಬಿ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಒಮೆಗಾ-6 ಎಂಬ ಬೇರೆ ಬಗೆಯ ಕೊಬ್ಬು. ಎಎಲ್‌ಎ, ಒಮೆಗಾ-6 ಎರಡನ್ನೂ ಶರೀರದಲ್ಲಿ ಬದಲಿಸುವ ಕಿಣ್ವ ಒಂದೇ ಆದ್ದರಿಂದ ಆ ಅಲ್ಪಕ್ಕೂ ಪೈಪೋಟಿ.

ಮಗುವಿನ ವೈದ್ಯರನ್ನು ಕೇಳಿ, ದಿನಕ್ಕೆ 200 ಮಿಲಿಗ್ರಾಂ ಡಿಎಚ್‌ಎ ಇರುವ ಪಾಚಿ ಎಣ್ಣೆಯ ಗುಳಿಗೆ ತೆಗೆದುಕೊಳ್ಳಲು ಬಾಣಂತಿಗೆ ಸೂಚಿಸಿದೆ. ಗುಳಿಗೆಯ ಹೊರಪದರ ಜೆಲಾಟಿನ್‌ನದಾದರೆ ಅದು ಪ್ರಾಣಿಜನ್ಯ. ಹಸಿರು ಚುಕ್ಕೆ ನೋಡಿಯೇ ಕೊಳ್ಳಬೇಕು.

"ಮೀನು ತಿನ್ನಿ ಎಂದು ನೇರವಾಗಿ ಹೇಳಬೇಕಿತ್ತು" ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಹಾಗೆ ಹೇಳಿಸಿಕೊಂಡು ಹೋದವರು ಮೀನನ್ನೂ ತಿನ್ನಲಿಲ್ಲ, ನನ್ನ ಬಳಿಗೂ ಮರಳಲಿಲ್ಲ. ಡಬ್ಬ ಕೊಂಡರು.

ಹಿಂಡಿಯನ್ನು ಬಿಡಬೇಡಿ ಎಂದೂ ಹೇಳಿ ಕಳುಹಿಸಿದೆ. ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ ಸುಮಾರು ಒಂದೂವರೆ ಗ್ರಾಂ ಎಎಲ್‌ಎ ಸಿಗುತ್ತದೆ. ಇಡಿಯ ಕಾಳು ಜೀರ್ಣವಾಗದೆ ಹಾಗೆಯೇ ಹೊರಹೋಗುತ್ತದೆ, ಆದ್ದರಿಂದ ಕುಟ್ಟಲೇಬೇಕು. ಕುಟ್ಟಿದ್ದು ಬೇಗ ಕಮಟುವುದರಿಂದ ವಾರಕ್ಕೆ ಬೇಕಾದಷ್ಟೇ ಕುಟ್ಟಿಕೊಳ್ಳಬೇಕು. ಗುರೆಳ್ಳು ಹಿಂಡಿ ರುಚಿಗೆ ಇರಲಿ, ಅಗಸೆಯ ಬದಲಿಗೆ ಬೇಡ.