ಟೆನಿಸ್ ಬಿಟ್ಟು ಅಂಗಡಿ ಇಟ್ಟರೆ ಆಟ ಕಲಿಸಿದ ಶಿಸ್ತು ಕೈ ಹಿಡಿಯುತ್ತಾ?

ನಿಮಗೆ 26, ರ್‍ಯಾಂಕ್ 900ರ ಆಚೆ, ಟೆನಿಸ್ ಸಾಮಾನಿನ ಅಂಗಡಿ ಇಡುವ ಯೋಚನೆ. ನಿಮ್ಮ ಪತ್ರ ಓದಿ ಹೊಟ್ಟೆಯಲ್ಲಿ ಚುರುಕ್ ಅಂತು. ಆರು ವರ್ಷದ ಹಿಂದೆ ನಾನೂ ಹೀಗೇ ಇದ್ದೆ.

ಒಟ್ಟು ಬಹುಮಾನ 15,000 ಡಾಲರ್ ಇರುವ ಟೂರ್ನಿಯ ಮೊದಲ ಸುತ್ತಲ್ಲಿ ಸೋತರೆ ಕೈಗೆ ಬರುವುದು ಸುಮಾರು 150 ಡಾಲರ್. ರೂಮು, ಟಿಕೆಟ್ಟು, ಊಟ ಎಲ್ಲ ಅಪ್ಪನ ದುಡ್ಡು. ಸಾಕು ಅನ್ನಿಸಿ ಬೆಂಗಳೂರಿನಲ್ಲಿ ಸಣ್ಣ ಮಳಿಗೆ ಹಿಡಿದೆ, ರಾಕೆಟ್‌ಗೆ ಸ್ಟ್ರಿಂಗ್ ಹಾಕುವ ಮೆಷಿನ್ ತಂದೆ. ಮೊದಲ ವಾರವೇ 40 ರೀಲ್ ಪಾಲಿಯೆಸ್ಟರ್ ಸ್ಟ್ರಿಂಗ್ ತರಿಸಿದೆ. ಹತ್ತಿರ ಹತ್ತಿರ ನಾಲ್ಕು ಲಕ್ಷ.

ತಪ್ಪಾಗಿದ್ದು ಅಲ್ಲೇ. ಪಾಲಿಯೆಸ್ಟರ್ ಗಟ್ಟಿ ಸ್ಟ್ರಿಂಗ್. ಬೀಸಿ ಹೊಡೆಯುವವನಿಗೆ ಸ್ಪಿನ್ ಕೊಡುತ್ತದೆ, ಚೆಂಡು ಗೆರೆಯೊಳಗೇ ಬೀಳುತ್ತದೆ. ನಾನು ಆಡಿದ್ದು ಅದರಲ್ಲೇ, 54 ಪೌಂಡ್ ಬಿಗಿಯಲ್ಲಿ. ಆದರೆ ನನ್ನ ಅಂಗಡಿಗೆ ಬರುತ್ತಿದ್ದವರು ಯಾರು? ಭಾನುವಾರ ಡಬಲ್ಸ್ ಆಡುವ ಐವತ್ತು ದಾಟಿದವರು, ಶಾಲೆ ಮಕ್ಕಳು. ಅವರ ಹೊಡೆತಕ್ಕೆ ಆ ಸ್ಟ್ರಿಂಗ್ ಬಗ್ಗುವುದೇ ಇಲ್ಲ. ಪೆಟ್ಟೆಲ್ಲ ಕೈಗೆ ಬರುತ್ತದೆ. ಅದು ತುಂಡಾಗುವುದೂ ಅಪರೂಪ, ಹಾಗಾಗಿ ಬಿಗಿ ಸತ್ತ ಮೇಲೂ ತಿಂಗಳುಗಟ್ಟಲೆ ಅದರಲ್ಲೇ ಆಡುತ್ತಾರೆ. ಒಂದು ದಿನ ಒಬ್ಬ ತಾಯಿ ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು ಬಂದರು. ಹುಡುಗ ಎಡಗೈಯಲ್ಲಿ ಬಲ ಮೊಣಕೈ ಹಿಡಿದುಕೊಂಡು ನಿಂತಿದ್ದ. "ಸರ್, ನೀವು ಹಾಕಿಕೊಟ್ಟ ಮೇಲೇ ಇವನಿಗೆ ನೋವು ಶುರುವಾಗಿದ್ದು" ಅಂದರು. ಆ ಮಗುವಿನ ಮುಖ ಈಗಲೂ ಕಣ್ಣಿಗೆ ಕಟ್ಟಿದೆ.

ಎರಡು ಬೀದಿ ಆಚೆ ಒಬ್ಬ ಹಿರಿಯರು ಎಷ್ಟೋ ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದರು. ಆಮೇಲೆ ಹೋಗಿ ಕೇಳಿದೆ. "ಇವರಿಗೆಲ್ಲ ಮೆತ್ತನೆಯದು ಹಾಕಪ್ಪ, ಸಿಂಥೆಟಿಕ್ ಗಟ್, ಬಿಗಿ ಐವತ್ತು ಪೌಂಡಿನ ಒಳಗೆ" ಅಂದರು. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಎಲ್ಲ ಹೇಳಿಕೊಟ್ಟರು. ಮೊದಲೇ ಯಾಕೆ ಹೋಗಲಿಲ್ಲ? ನಾವು ಬೆಳೆದಿದ್ದೇ ಹಾಗೆ, ಅಲ್ವಾ? ಮ್ಯಾಚ್ ನಡುವೆ ಕೋಚ್ ಒಂದು ಮಾತಾಡಿದರೂ ಅಂಪೈರ್‌ನಿಂದ ಎಚ್ಚರಿಕೆ ಬೀಳುತ್ತಿತ್ತು. ಏನೇ ಆದರೂ ಒಬ್ಬನೇ ಯೋಚಿಸು, ಒಬ್ಬನೇ ಹೊಡಿ. ನೀವು ಶಿಸ್ತು ಅನ್ನುತ್ತಿದ್ದೀರಲ್ಲ, ಅದರ ಜೊತೆಗೇ ಈ ಯಾರನ್ನೂ ಕೇಳದ ಚಾಳಿಯೂ ಬರುತ್ತದೆ. ಬೆಳಗ್ಗೆ ಐದಕ್ಕೆ ಏಳುವುದು ಅಂಗಡಿಗೆ ಏನೂ ಮಾಡಲಿಲ್ಲ.

ಫ್ರಾನ್ಸಿನ ಟೆನಿಸ್ ಆಟಗಾರ ರೆನೆ ಲಕೋಸ್ಟ್ ವ್ಯಾಪಾರ ಮಾಡಲಿಲ್ವಾ ಅಂತ ಬರೆದಿದ್ದೀರಿ. ಮಾಡಿದರು. ಏಳು ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದವರು. ಆದರೂ 1933ರಲ್ಲಿ ಅಂಗಿ ಮಾರಲು ಹೊರಟಾಗ ಆಂದ್ರೆ ಜಿಲಿಯೆಯನ್ನು ಜೊತೆಗೆ ಸೇರಿಸಿಕೊಂಡರು. ಜಿಲಿಯೆ ಹೆಣೆದ ಬಟ್ಟೆಯ ವ್ಯಾಪಾರದಲ್ಲೇ ಪಳಗಿದವರು. ಎಲ್ಲರಿಗೂ ಆ ಅಂಗಿಯ ಮೇಲಿನ ಮೊಸಳೆ ಗುರುತು ನೆನಪಿದೆ, ಜಿಲಿಯೆ ನೆನಪಿಲ್ಲ.

ಆಟ ಬಿಡಬೇಕೋ ಬೇಡವೋ ನಿಮಗೆ ಬಿಟ್ಟಿದ್ದು. ಅಂಗಡಿಯನ್ನಂತೂ ಈಗಲೇ ಹಿಡಿಯಬೇಡಿ. ಮೂರು ತಿಂಗಳು ಯಾರದಾದರೂ ಅಂಗಡಿಯಲ್ಲಿ ನಿಲ್ಲಿ, ಸಂಬಳ ಕೊಡದಿದ್ದರೂ ಸರಿ. ಬಂದವರ ವಯಸ್ಸು, ವಾರಕ್ಕೆ ಎಷ್ಟು ದಿನ ಆಡುತ್ತಾರೆ, ಎಲ್ಲಿ ನೋವಿದೆ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಾನು ಈಗ ಸ್ಟ್ರಿಂಗ್ ಹಾಕುವ ಮೊದಲು ಕೇಳುವುದು ಇವೇ ಮೂರು.