2 ಮೀಟರ್ ಯಾಗಿ: ಎಲಿಮೆಂಟ್ ಎಣಿಸುವ ಮೊದಲು ಕೇಬಲ್ ನೋಡಿ

ಸರ್, ತುಮಕೂರಿನ ನಿಮ್ಮ ತಾರಸಿಯಲ್ಲಿ ಬೆಂಗಳೂರಿನ 2 ಮೀಟರ್ ಹ್ಯಾಮ್ ಬ್ಯಾಂಡ್ ರಿಪೀಟರ್ (ನಮ್ಮ ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳಿಸುವ ಸ್ಟೇಷನ್) ಕೇಳಿಸುತ್ತದೆ, ನೀವು ಮಾತಾಡಲು ಪಿಟಿಟಿ ಬಟನ್ ಒತ್ತಿದರೆ ಮಾತ್ರ ತೆರೆಯುವುದಿಲ್ಲ, ಇರುವುದು 5 ವಾಟ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್), ಯಾಗಿ (ಎಲಿಮೆಂಟ್ ಅನ್ನುವ ಕಡ್ಡಿಗಳನ್ನು ಸಾಲಾಗಿ ಜೋಡಿಸಿ, ಒಂದೇ ದಿಕ್ಕಿಗೆ ಜೋರಾಗಿ ಕಳಿಸುವ ಆಂಟೆನಾ) ಕಟ್ಟುವುದಾದರೆ 5 ಎಲಿಮೆಂಟಾ 7 ಎಲಿಮೆಂಟಾ ಅಂತ ಕೇಳಿದ್ದೀರಿ. 3 ಸಾಕು. ಅದಕ್ಕೂ ಮೊದಲು ಸೆಟ್‌ನಲ್ಲಿ ಮೈನಸ್ 600 ಕಿಲೋಹರ್ಟ್ಸ್ ಆಫ್‌ಸೆಟ್ (ಕೇಳುವ ಫ್ರೀಕ್ವೆನ್ಸಿಗಿಂತ ಅಷ್ಟು ಕೆಳಗೆ ಕಳಿಸುವುದು), ಆ ರಿಪೀಟರ್‌ನ ಟೋನ್ (ಅದು ತೆರೆಯಲು ಮಾತಿನ ಜೊತೆ ಹೋಗಬೇಕಾದ ಸ್ವರ) ಎರಡೂ ಸರಿ ಇದೆಯಾ ನೋಡಿ. ಟೋನ್ ತಪ್ಪಿದ್ದರೆ ಎಂಥ ಆಂಟೆನಾ ಏರಿಸಿದರೂ ಅದು ಬಾಯಿ ಬಿಡುವುದಿಲ್ಲ.

3 ಯಾಕೆ ಸಾಕು ಅಂದರೆ, ಚೆನ್ನಾಗಿ ಮಾಡಿದ 3 ಎಲಿಮೆಂಟ್ ಯಾಗಿ ಡೈಪೋಲ್‌ಗಿಂತ (ಒಂದೇ ಎಲಿಮೆಂಟಿನ ಸರಳ ಆಂಟೆನಾ) ಸುಮಾರು 5 ಡಿಬಿ ಜಾಸ್ತಿ ಕೊಡುತ್ತದೆ, ಅಂದರೆ ಹತ್ತಿರ ಹತ್ತಿರ ಮೂರು ಪಟ್ಟು. ಆದರೆ ತಾರಸಿಯಿಂದ ರೂಮಿಗೆ 20 ಮೀಟರ್ ಆರ್‌ಜಿ-58 ಅನ್ನುವ ತೆಳ್ಳನೆಯ ಕೇಬಲ್ ಎಳೆದಿರೋ, 145 ಮೆಗಾಹರ್ಟ್ಸ್‌ನಲ್ಲಿ ಆ ಕೇಬಲ್ಲೇ ಸುಮಾರು 4 ಡಿಬಿ ನುಂಗುತ್ತದೆ. ಸೆಟ್ಟಿನಿಂದ 5 ವಾಟ್ ಹೊರಟರೆ ಮೇಲೆ ಮುಟ್ಟುವುದು 2 ವಾಟ್. ದುಡಿದದ್ದೆಲ್ಲ ಬಡ್ಡಿಗೆ ಹೋದ ಹಾಗೆ ಅಲ್ವಾ? ಎಲ್‌ಎಂಆರ್-400 ಥರದ ದಪ್ಪ ಕೇಬಲ್‌ನಲ್ಲಿ ಅಷ್ಟೇ ಉದ್ದಕ್ಕೆ 1 ಡಿಬಿ ಹೋಗುತ್ತದೆ. ದುಡ್ಡು ಹಾಕುವುದಿದ್ದರೆ ಅಲ್ಲಿ ಹಾಕಿ. ಇಲ್ಲ, ಸುಮ್ನೆ ಹ್ಯಾಂಡಿ ಹಿಡಿದು ತಾರಸಿಗೇ ಹೋಗಿ, 2-3 ಮೀಟರ್ ಕೇಬಲ್‌ನಲ್ಲಿ ಕೆಲಸ ಮುಗಿಯುತ್ತದೆ.

ಎಲಿಮೆಂಟ್‌ಗೆ ಹಾರ್ಡ್‌ವೇರ್ ಅಂಗಡಿಯ 5 ಮೀಟರ್ ಸ್ಟೀಲ್ ಅಳತೆ ಟೇಪ್ ಒಂದು ಸಾಕು, 25 ಮಿ.ಮೀ. ಅಗಲದ್ದು ತಗೊಳ್ಳಿ. ಹಿಂದಿನ ಎಲಿಮೆಂಟ್, ರಿಫ್ಲೆಕ್ಟರ್, 105 ಸೆಂ.ಮೀ., ರಿಪೀಟರ್ ಕಡೆಗಿರುವ ಮುಂದಿನದು, ಡೈರೆಕ್ಟರ್, 89. ಮಧ್ಯದ, ಕೇಬಲ್ ಸೇರುವ ಡ್ರಿವನ್ ಎಲಿಮೆಂಟ್ 45ರ ಎರಡು ತುಂಡು, ನಡುವೆ 2.5 ಸೆಂ.ಮೀ. ಗ್ಯಾಪ್. ರಿಫ್ಲೆಕ್ಟರ್‌ನಿಂದ ಡ್ರಿವನ್‌ಗೆ 20 ಸೆಂ.ಮೀ., ಅಲ್ಲಿಂದ ಡೈರೆಕ್ಟರ್‌ಗೆ 32. ಹ್ಯಾಮ್‌ಗಳಲ್ಲಿ ವರ್ಷಗಳಿಂದ ಓಡಾಡುತ್ತಿರುವ ಅಳತೆ ಇದು, ನನ್ನದೇನಲ್ಲ. ಎಲಿಮೆಂಟ್‌ಗಳನ್ನು ಹಿಡಿಯುವ ಉದ್ದ ಕೋಲಿಗೆ, ಅಂದರೆ ಬೂಮ್‌ಗೆ, ಪಿವಿಸಿ ಪೈಪು, ಟೀ, ಪ್ಲಸ್ ಜಾಯಿಂಟ್. ಟೇಪನ್ನು ಹೋಸ್ ಕ್ಲಿಪ್‌ನಿಂದ ಬಿಗಿಯಿರಿ.

ಎಲ್ಲರೂ ಒದ್ದಾಡುವುದು ಸೋಲ್ಡರ್ ಹತ್ತಿರ. ಟೇಪಿನ ಹಳದಿ ಬಣ್ಣ ಪೂರ್ತಿ ಹೋಗಿ ಹೊಳೆಯುವ ಸ್ಟೀಲ್ ಕಾಣುವ ತನಕ ಎಮರಿ ಪೇಪರ್‌ನಿಂದ ಉಜ್ಜಿ, ಪೇಸ್ಟ್ ಹಚ್ಚಿ, ಮೊದಲು ಬರೀ ಸೀಸ ಹಿಡಿಸಿ, ಆಮೇಲೆ ಕೇಬಲ್ ಕೂರಿಸಿ. ಒಂದು ತುಂಡಿಗೆ ಒಳ ತಂತಿ, ಇನ್ನೊಂದಕ್ಕೆ ಹೊರಗಿನ ಹೆಣಿಗೆ. ಎರಡಕ್ಕೂ ಅಡ್ಡಲಾಗಿ 12-13 ಸೆಂ.ಮೀ. ಗಟ್ಟಿ ತಂತಿಯನ್ನು ಯು ಆಕಾರಕ್ಕೆ ಬಗ್ಗಿಸಿ ಬೆಸೆಯಿರಿ, ಆಂಟೆನಾವನ್ನು ಕೇಬಲ್‌ಗೆ ಹೊಂದಿಸುವ ಹೇರ್‌ಪಿನ್ ಮ್ಯಾಚ್ ಅದೇ. ಮಲ್ಟಿಮೀಟರ್‌ನಲ್ಲಿ ನೇರ ಶಾರ್ಟ್ ತೋರಿಸುತ್ತದೆ, ಗಾಬರಿ ಬೇಡ. ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲ್‌ಗೆ ಎಷ್ಟು ಹೊಂದಿದೆ ಅನ್ನುವ ಅಳತೆ, 1 ಅಂದರೆ ಪೂರ್ತಿ ಸರಿ) 1.5ರೊಳಗೆ ಬರದಿದ್ದರೆ ಆ ಯು ಅನ್ನು ಸ್ವಲ್ಪ ಹಿಸುಕಿ ಅಥವಾ ಅಗಲಿಸಿ ನೋಡಿ. ಟೇಪಿನ ತುದಿಗಳು ಬ್ಲೇಡಿನಷ್ಟು ಹರಿತ, ಅದೂ ಕಣ್ಣಿನ ಎತ್ತರಕ್ಕೇ ಬರುತ್ತವೆ, ದುಂಡಗೆ ಕತ್ತರಿಸಿ ಇನ್ಸುಲೇಷನ್ ಟೇಪ್ ಸುತ್ತಿ.

ಇದು ಚೆನ್ನಾಗಿ ಕೆಲಸ ಮಾಡಿದ ಮೇಲೆ ಕಾಯಂ ಆಗಿ ಅಲ್ಯೂಮಿನಿಯಂನಲ್ಲಿ ಮಾಡಬೇಕು ಅನಿಸುತ್ತದೆ, ಮಾಡಿ, ಟೇಪು ಹೇಗೂ ಗಾಳಿಗೆ ಬಾಗಿ ಮಳೆಗೆ ತುಕ್ಕು ಹಿಡಿಯುತ್ತದೆ. ಆದರೆ ಈ ಅಳತೆಯನ್ನೇ ಕತ್ತರಿಸಬೇಡಿ. 25 ಮಿ.ಮೀ. ಪಟ್ಟಿ ಸುಮಾರು 12 ಮಿ.ಮೀ. ದಪ್ಪದ ರಾಡ್‌ನಂತೆ ವರ್ತಿಸುತ್ತದೆ. ತೆಳ್ಳನೆಯ ರಾಡ್ ಆದರೆ ಉದ್ದ ಜಾಸ್ತಿ ಬೇಕು.

ರಿಪೀಟರ್‌ಗೆ ಎಲಿಮೆಂಟ್‌ಗಳು ನೆಟ್ಟಗೆ ನಿಂತಿರಬೇಕು, ಟಿವಿ ಆಂಟೆನಾದ ಹಾಗೆ ಮಲಗಿಸಿದರೆ ಗಳಿಸಿದ್ದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ನೆಟ್ಟಗೆ ನಿಲ್ಲಿಸಿದಾಗ ಕಬ್ಬಿಣದ ಕಂಬ ಎಲಿಮೆಂಟ್‌ಗಳ ನಡುವೆ ಹೋದರೆ ದಿಕ್ಕೇ ಕೆಡುತ್ತದೆ. ಹಾಗಾಗಿ ಮೇಲಿನ ಒಂದೆರಡು ಮೀಟರ್ ಬಿದಿರಿನ ಗಳ ಹಾಕಿ, ಇಲ್ಲವೇ ಬೂಮನ್ನು ರಿಫ್ಲೆಕ್ಟರ್ ಹಿಂದೆ ಉದ್ದ ಬಿಟ್ಟು ಅಲ್ಲಿ ಕಟ್ಟಿ. ಕರೆಂಟ್ ತಂತಿಯಿಂದ ದೂರ ಇರಲಿ, ಗುಡುಗು ಶುರುವಾದರೆ ಕೇಬಲ್ ಬಿಚ್ಚಿಡಿ.

ಮ್ಯಾಪ್ ಪ್ರಕಾರ ನಿಮಗೆ ಬೆಂಗಳೂರು ಆಗ್ನೇಯಕ್ಕೆ. ಶಿವಗಂಗೆ ಬೆಟ್ಟವೂ ಹೆಚ್ಚುಕಡಿಮೆ ಅದೇ ಕಡೆ, ಸಿಗ್ನಲ್‌ಗೆ ಅಡ್ಡ ಬರಬಹುದು, ಅದಕ್ಕೆ ಮ್ಯಾಪ್ ನಂಬಿ ಬಿಗಿದುಬಿಡಬೇಡಿ. ಈ ಯಾಗಿಯ ಮುಖ ಅಗಲ, 20 ಡಿಗ್ರಿ ತಿರುಗಿಸಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಡಕ್ಕೆ ತಿರುಗಿಸುತ್ತಾ ಎಲ್ಲಿ ಕರಕರ ಶುರುವಾಯಿತು ಅಂತ ಗುರುತು ಮಾಡಿ, ಬಲಕ್ಕೂ ಹಾಗೇ ಮಾಡಿ, ಎರಡರ ಮಧ್ಯಕ್ಕೆ ನಿಲ್ಲಿಸಿ. ಆಮೇಲೂ ತೆರೆಯದಿದ್ದರೆ ಎಸ್‌ಡಬ್ಲ್ಯುಆರ್ ಎಷ್ಟು, ಕೇಬಲ್ ಎಷ್ಟುದ್ದ ಅಂತ ಇಲ್ಲೇ ಬರೆಯಿರಿ, ಹೇರ್‌ಪಿನ್‌ನ ಹತ್ತಿರದ ಫೋಟೋ ಒಂದು ಹಾಕಿ.