ಹೈಸ್ಪೀಡ್ ರೈಲಿಗೆ ಆಕ್ಷೇಪ: ಮೊದಲು ತೋಡಿನ (ಹಳ್ಳದ) ವಿಷಯ ಬರೆಯಿರಿ

ತಲಪಾಡಿ ಕಡೆಯ ಅಣ್ಣ ಕೇಳಿದ್ದಕ್ಕೆ ಉತ್ತರ ಬರೀತಿದ್ದೇನೆ. ಕೇರಳದ ಸಿಲ್ವರ್‌ಲೈನ್ ಯೋಜನೆಯ ಥರದ ವೇಗದ ರೈಲು ಮಂಗಳೂರು, ಉಡುಪಿ ಕಡೆಗೂ ಬಂದರೆ, ಅಡಿಕೆ ತೋಟದ ನಡುವೆ ಸರ್ವೆ ಕಲ್ಲು ಬಿದ್ದರೆ, 'ನಮಗೆ ಬೇಡ' ಅಂತ ಬೋರ್ಡ್ ಹಾಕಿದ್ರೆ ಸಾಕಾ, ಬೇರೇನಾದ್ರೂ ಮಾಡಬೇಕಾ ಅಂತ ಅವರ ಪ್ರಶ್ನೆ.

ಬೋರ್ಡ್ ಹಾಕಿ, ತಪ್ಪಿಲ್ಲ. ಆದರೆ ಫೈಲಿನಲ್ಲಿ ಉಳಿಯುವುದು ಬರೆದು ಕೊಟ್ಟದ್ದು ಮಾತ್ರ. 'ನಮ್ಮ ಜಾಗ ಹೋಗ್ತದೆ' ಅಂದ್ರೆ 'ಪರಿಹಾರ ಕೊಡ್ತೇವೆ' ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ. 'ಮಳೆಗಾಲದ ನೀರು ಎಲ್ಲಿಗೆ ಹೋಗಬೇಕು' ಅಂತ ಕೇಳಿದ್ರೆ ಅಷ್ಟು ಸುಲಭದಲ್ಲಿ ಮುಗಿಸಲು ಆಗುವುದಿಲ್ಲ.

ವೇಗ ಹೆಚ್ಚಿದಷ್ಟೂ ಹಳಿ ನೇರ ಇರಬೇಕು. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ ತಿರುವುಗಳಿಗೆ ಸಾಮಾನ್ಯವಾಗಿ 6 ಕಿ.ಮೀ. ತ್ರಿಜ್ಯವಾದ್ರೂ ಬೇಕು. ಹಾಗಾಗಿ ಮನೆ ಬಂತು, ದೈವಸ್ಥಾನ ಬಂತು ಅಂತ ಪಕ್ಕಕ್ಕೆ ಸರಿಸುವುದು ಕಷ್ಟ. ಗುಡ್ಡ ಸಿಕ್ಕರೆ ಕೊರೆಯಬೇಕು. ಬೈಲು (ಗುಡ್ಡಗಳ ನಡುವಿನ ತಗ್ಗು ಜಾಗ) ಸಿಕ್ಕರೆ ಕಂಬದ ಮೇಲೆ ಹೋಗಬೇಕು, ಇಲ್ಲವೇ ಮಣ್ಣು ತುಂಬಬೇಕು. ನಮಗೆ ಪೆಟ್ಟು ಬೀಳುವುದು ಈ ಮಣ್ಣು ತುಂಬುವಲ್ಲಿಯೇ. ತಿರುವನಂತಪುರದಿಂದ ಕಾಸರಗೋಡಿಗೆ ಸುಮಾರು 530 ಕಿ.ಮೀ. ಉದ್ದದ ಸಿಲ್ವರ್‌ಲೈನ್ ಯೋಜನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಣ್ಣಿನ ದಿಬ್ಬವೇ ಇತ್ತು. ನೀರಿನ ದಾರಿ ಅಡ್ಡವಾಗ್ತದೆ ಅಂತ ಆಕ್ಷೇಪ ಎತ್ತಿದವರಲ್ಲಿ ಕೊಂಕಣ ರೈಲ್ವೆ ಕಟ್ಟಿಸಿದ ಇ. ಶ್ರೀಧರನ್ ಅವರೂ ಇದ್ದರು. ಜನ 2022ರಲ್ಲಿ ಹಳದಿ ಸರ್ವೆ ಕಲ್ಲುಗಳನ್ನೇ ಕಿತ್ತು ಹಾಕಿದರು. ಅದೇ ವರ್ಷದ ಕೊನೆಗೆ ಕೇರಳ ಸರ್ಕಾರ ಯೋಜನೆಯ ಭೂಸ್ವಾಧೀನಕ್ಕೆ ಹಾಕಿದ್ದ ಸಿಬ್ಬಂದಿಯನ್ನು ವಾಪಸ್ ಕರೆಸಿಕೊಂಡಿತು.

ಇನ್ನೊಂದು ಕಡೆ, 508 ಕಿ.ಮೀ.ಯ ಬುಲೆಟ್ ರೈಲು ದಾರಿ ಹೆಚ್ಚಿನಂಶ ಕಂಬದ ಮೇಲೆಯೇ ಹೋಗ್ತದೆ. ಅಲ್ಲಿ ಆಗುವುದಾದ್ರೆ, ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಬೈಲಲ್ಲಿ ಯಾಕೆ ಆಗಬಾರದು? ಇದನ್ನು ಅರ್ಜಿಯಲ್ಲಿ ಹಾಗೆಯೇ ಕೇಳಿ.

ಗುಡ್ಡದ ವಿಷಯವನ್ನೂ ಬಿಡಬೇಡಿ. ಮೇಲೆ ಮುರಕಲ್ಲು (ಜಂಬಿಟ್ಟಿಗೆ) ಗಟ್ಟಿ ಇದ್ದರೂ ಅಡಿಯಲ್ಲಿ ಶೇಡಿ ಮಣ್ಣು. ನೀರು ಕುಡಿದ್ರೆ ಕೆಸರಾಗಿ ಜಾರ್ತದೆ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಡೀಲ್–ಕುಲಶೇಖರ ನಡುವೆ ಗುಡ್ಡ ಹಳಿಯ ಮೇಲೆ ಜರಿದು ದಿನಗಟ್ಟಲೆ ರೈಲು ನಿಂತದ್ದು ನೆನಪಿದೆ ಅಲ್ವಾ?

ಈಗ ಮಾಡಬೇಕಾದ ಕೆಲಸ. ಜೋರು ಮಳೆ ಬರುವ ದಿನ ಕೊಡೆ ಹಿಡ್ಕೊಂಡು ತೋಡಿನ ಬದಿಗೆ ಹೋಗಿ. ನೀರು ಎಷ್ಟು ಅಗಲಕ್ಕೆ ಹರಿಯುತ್ತದೆ ಅಂತ ಹಗ್ಗ ಹಿಡಿದು ಅಳೆಯಿರಿ. ನೆರೆ ಇಳಿದ ಮೇಲೆ ಅಡಿಕೆ ಮರದ ಬುಡದಲ್ಲಿ ಕೆಸರಿನ ಗೆರೆ ಉಳೀತದೆ. ಪಕ್ಕದಲ್ಲಿ ಅಳತೆ ಕೋಲು ನಿಲ್ಲಿಸಿ ಅದರ ಫೋಟೋ ತೆಗೀರಿ. ಹತ್ತಿರದಲ್ಲಿ ಹಳೇ ರೈಲು ದಾರಿಯೋ ರಸ್ತೆಯೋ ಇದ್ದರೆ ಅಲ್ಲಿನ ಮೋರಿಯನ್ನೂ ಅಳೆದು ತೋಡಿನ ಅಗಲಕ್ಕೆ ಹೋಲಿಸಿ. ನಮ್ಮ ಬೈಲಲ್ಲಿ ರಸ್ತೆ ಎತ್ತರಿಸುವಾಗ ಮೋರಿ ಸಣ್ಣದಿಟ್ಟರು. ಅಲ್ಲಿಂದ ಮೇಲಿನ ತೋಟದ ಕಣಿಗಳಲ್ಲಿ (ಬಸಿಗಾಲುವೆಗಳಲ್ಲಿ) ನೀರು ಇಳಿಯುವುದೇ ಇಲ್ಲ, ಮರಗಳ ಬೇರು ಕೊಳೆಯುತ್ತಿದೆ. ಬೇಸಗೆಯ ಕಟ್ಟ (ತೋಡಿಗೆ ಹಾಕುವ ಒಡ್ಡು), ಮದಕ (ಮಳೆನೀರು ನಿಲ್ಲುವ ಕೆರೆ), ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ಎಲ್ಲವನ್ನೂ ಸರ್ವೆ ನಂಬರ್ ಹಾಕಿ ಬರೆಯಿರಿ. ಸುರಂಗ ಪಹಣಿಯಲ್ಲಿ ಕಾಣುವುದಿಲ್ಲ, ನೀವು ಹೇಳದಿದ್ರೆ ಇಂಜಿನಿಯರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಈಗಲೇ ಮಾಡಿಸಿ. ಕುಮ್ಕಿಯಲ್ಲಿ (ಪಟ್ಟಾ ಜಾಗಕ್ಕೆ ತಾಗಿದ ಸರ್ಕಾರಿ ಜಾಗದಲ್ಲಿ) ತೋಟ ಮಾಡಿದವರು ಇನ್ನೂ ಹುಷಾರಾಗಿರಬೇಕು. ದಾಖಲೆಯಲ್ಲಿ ಅದು ಸರ್ಕಾರಿ ಜಾಗ, ಆದ್ರೆ ಮರ ನೀವು ಬೆಳೆಸಿದ್ದು. ಆ ಮರಗಳ ಲೆಕ್ಕ ಬೇರೆಯೇ ಇಡಿ.

ನೋಟಿಸ್ ಬಂದಾಗ ಯಾವ ಕಾಯ್ದೆ ಅಂತ ಮೊದಲು ನೋಡಿ. ರೈಲ್ವೆ ಕಾಯ್ದೆಯ 20ಎ ಅಧಿಸೂಚನೆ ಆದ್ರೆ ಆಕ್ಷೇಪಕ್ಕೆ 30 ದಿನ. 2013ರ ಭೂಸ್ವಾಧೀನ ಕಾಯ್ದೆಯ 11ನೇ ಸೆಕ್ಷನ್ ಆದ್ರೆ 60 ದಿನ. ಅಧಿಸೂಚನೆ ಪ್ರಕಟವಾದ ದಿನದಿಂದಲೇ ಲೆಕ್ಕ. ಪೇಪರಿನಲ್ಲೂ ಹಾಕ್ತಾರೆ, ದಿನಾ ಕಣ್ಣಾಡಿಸಿ. ಇಡೀ ಊರಿಗೆ ಒಂದೇ ಅರ್ಜಿ ಕೊಟ್ಟು ಸುಮ್ನೆ ಕೂರಬೇಡಿ. ಪ್ರತಿ ಮನೆಯವರೂ ಬೇರೆ ಕೊಡಲಿ. ಖುದ್ದು ವಿಚಾರಣೆ ಬೇಕು ಅಂತ ಬರೆಯಿರಿ, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ.

ಜಾಗ ಹೋಗುವುದೇ ಖಚಿತ ಆದ್ರೆ ಪರಿಹಾರದಲ್ಲಿ ಮಾರುಕಟ್ಟೆ ಬೆಲೆ ಜೊತೆಗೆ ಮರಗಳ ಬೆಲೆ ಸೇರಬೇಕು, ಅದರ ಮೇಲೆ ಅಷ್ಟೇ ಮೊತ್ತದ ಸೊಲೇಶಿಯಂ (ಒತ್ತಾಯದಿಂದ ಜಾಗ ತಗೊಂಡದ್ದಕ್ಕೆ ಕೊಡುವ ಹೆಚ್ಚುವರಿ ಹಣ), ಅಂದ್ರೆ ಶೇ. 100 ಸಿಗಬೇಕು. ಹೆಚ್ಚಿನವರು ಕೇಳಲು ಮರೆಯುವುದು ತೋಟ ಎರಡು ತುಂಡಾಗಿ ಆಗುವ ನಷ್ಟ. ಪಂಪ್ ಆಚೆ, ಮರ ಈಚೆ ಆದ್ರೆ ಉಳಿದ ಜಾಗವೂ ಅರ್ಧ ಸತ್ತ ಹಾಗೆ. ಅದಕ್ಕೂ ಪರಿಹಾರ ಕೇಳಲು ಕಾಯ್ದೆಯಲ್ಲಿ ಅವಕಾಶ ಇದೆ. ಅಂಡರ್‌ಪಾಸ್ ಕೇಳುವುದಾದ್ರೆ ಗೊಬ್ಬರದ ಪಿಕಪ್ ಹೋಗುವಷ್ಟು ಎತ್ತರ ಬೇಕು ಅಂತ ಅಳತೆ ಸಮೇತ ಬರೆಯಿರಿ.

ಅಣ್ಣ, ನಿಮ್ಮ ತೋಡಿನ ಅಳತೆ, ಫೋಟೋ ಸಿದ್ಧ ಆದ ಮೇಲೆ ಇಲ್ಲಿ ಹಾಕಿ. ಅರ್ಜಿಯ ಕರಡು ನಾನು ಬರೆದು ಕೊಡ್ತೇನೆ.